ಊಟಕ್ಕೆ ಮೊದಲೇ ಎಚ್ಚರಾಗುವ ಹೊಟ್ಟೆ

ಇಂಟರ್ನಲ್ಸ್ ಬಂತೆಂದರೆ ಹಾಸ್ಟೆಲ್‌ನಲ್ಲಿ ನಮ್ಮ ಊಟದ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ತಿಂಡಿ ಇಲ್ಲ, ರಾತ್ರಿ ಬರೀ ಕಾಫಿ. ಕಂಟ್ರೋಲ್ ಸಿಸ್ಟಮ್ಸ್ ಪರೀಕ್ಷೆಯ ಹಿಂದಿನ ರಾತ್ರಿ ಹೊಟ್ಟೆ ಉರಿಯುತ್ತಿದ್ದಾಗಲೇ ಅಮ್ಮನ ಫೋನ್ ಬಂತು. 'ಊಟ ಆಯ್ತಾ?' ಎಂದಳು. 'ಆಯ್ತು' ಎಂದು ಸುಳ್ಳು ಹೇಳಿದೆ. 'ಇವತ್ತು ಹುರುಳಿ ಸಾರು ಮಾಡಿದ್ದೆ ಕಣೋ' ಎಂದಳು. ಅಷ್ಟಕ್ಕೇ ಬಾಯಲ್ಲಿ ನೀರೂರಿತು.

ಬಾಯಲ್ಲಷ್ಟೇ ಅಲ್ಲ, ಹೊಟ್ಟೆಯಲ್ಲೂ ಊರುತ್ತದೆ ಎಂದು ಆಮೇಲೆ ಓದಿ ತಿಳಿದೆ. ಒಗ್ಗರಣೆಯ ವಾಸನೆ, ಎದುರಿಗಿರುವ ತಟ್ಟೆ, ಕಡೆಗೆ ಊಟದ ನೆನಪಾದರೂ ಸಾಕು. ಮಿದುಳು ವೇಗಸ್ ಎಂಬ ನರದ ಮೂಲಕ ಜಠರಕ್ಕೆ ಸುದ್ದಿ ಕಳಿಸುತ್ತದೆ. ಒಂದು ಊಟಕ್ಕೆ ಸ್ರವಿಸುವ ಜಠರರಸದಲ್ಲಿ ಸುಮಾರು ಶೇ 30ರಷ್ಟು ಬರುವುದು ಈ ಹಂತದಲ್ಲೇ. ರಷ್ಯಾದ ಇವಾನ್ ಪಾವ್ಲೊವ್ ಇದನ್ನು ನಾಯಿಗಳಲ್ಲಿ ತೋರಿಸಿದರು. ನುಂಗಿದ ಆಹಾರ ಕುತ್ತಿಗೆಯಿಂದಲೇ ಹೊರಬೀಳುವಂತೆ ಮಾಡಿದ್ದರೂ ಜಠರರಸ ಸುರಿಯುತ್ತಿತ್ತು. ವೇಗಸ್ ನರ ಕತ್ತರಿಸಿದರೆ ನಿಲ್ಲುತ್ತಿತ್ತು. ಗಂಟೆಯ ಕಥೆಯಿಂದ ನಮಗೆ ಪರಿಚಿತರಾದ ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ.

ಆಹಾರ ಒಳಗೆ ಬಂದ ಮೇಲೆ ಹಾರ್ಮೋನಿನ ಸರದಿ. ಜಠರದ ಕೆಳಭಾಗದ ಕೋಶಗಳು ಗ್ಯಾಸ್ಟ್ರಿನ್ ಬಿಡುತ್ತವೆ. ಅದು ರಕ್ತದಲ್ಲಿ ಒಂದು ಸುತ್ತು ಹಾಕಿ ಮತ್ತೆ ಜಠರಕ್ಕೇ ಬಂದು ಆಮ್ಲದ ಸ್ರಾವ ಹೆಚ್ಚಿಸುತ್ತದೆ. ಪೆಪ್ಸಿನೋಜೆನ್ ಎಂಬ ನಿಷ್ಕ್ರಿಯ ವಸ್ತು ಆಮ್ಲ ತಗುಲಿದೊಡನೆ ಪೆಪ್ಸಿನ್ ಎಂಬ ಕಿಣ್ವವಾಗಿ ಪ್ರೋಟೀನನ್ನು ಕತ್ತರಿಸತೊಡಗುತ್ತದೆ. ಮೊದಲೇ ಚುರುಕಾಗಿದ್ದರೆ ತನ್ನನ್ನು ತಯಾರಿಸಿದ ಕೋಶವನ್ನೇ ಅದು ಜೀರ್ಣಿಸಿಬಿಡುತ್ತಿತ್ತು!

ನಿಲ್ಲಿಸುವವರು ಯಾರು? ಆಮ್ಲ ಹೆಚ್ಚಿ ಪಿಎಚ್ ಮಟ್ಟ 3ಕ್ಕಿಂತ ಕೆಳಗಿಳಿದರೆ ಸೊಮ್ಯಾಟೊಸ್ಟ್ಯಾಟಿನ್ ಎಂಬ ಇನ್ನೊಂದು ಹಾರ್ಮೋನು ಗ್ಯಾಸ್ಟ್ರಿನ್‌ಗೆ ಕಡಿವಾಣ ಹಾಕುತ್ತದೆ. ಆಮ್ಲ ಬೆರೆತ ಆಹಾರ ಸಣ್ಣಕರುಳಿಗೆ ಇಳಿದಾಗ ಅಲ್ಲಿಂದ ಸೆಕ್ರೆಟಿನ್ ಹೊರಟು 'ಸಾಕು' ಎನ್ನುತ್ತದೆ. ಆ ರಾತ್ರಿ ನಾನು ಪುಟಗಟ್ಟಲೆ ಬ್ಲಾಕ್ ಡಯಾಗ್ರಾಮ್ ಬರೆದು ಕಲಿಯುತ್ತಿದ್ದ ನೆಗೆಟಿವ್ ಫೀಡ್‌ಬ್ಯಾಕ್ ಅಂದರೆ ಇದೇ! ಅದು ನನ್ನ ಹೊಟ್ಟೆಯಲ್ಲೇ ನಡೆಯುತ್ತಿತ್ತು.

ಹೊಟ್ಟೆ ಉರಿಗೆ ಕಾರಣ ಹಲವಿರಬಹುದು. ಆದರೆ ಕಾಫಿ ಆಮ್ಲದ ಸ್ರಾವವನ್ನು ಹೆಚ್ಚಿಸುತ್ತದೆ, ಅದನ್ನು ತಗ್ಗಿಸುವ ಅನ್ನವನ್ನು ಮಾತ್ರ ನಾನು ಕೊಟ್ಟಿರಲಿಲ್ಲ.

ಈಗ ಪರೀಕ್ಷೆ ಇದ್ದರೂ ಮೆಸ್ ಮುಚ್ಚುವ ಮೊದಲು ಕೆಳಗಿಳಿಯುತ್ತೇನೆ. ಫೋನ್ ಬದಿಗಿಟ್ಟು, ಸಾರಿನ ವಾಸನೆ ನೋಡಿ, ಆಮೇಲೆ ತುತ್ತು. 'ಊಟ ಆಯ್ತಾ?' ಎಂದು ಅಮ್ಮ ಕೇಳಿದರೆ ಈಗ ಸುಳ್ಳು ಹೇಳಬೇಕಾಗಿಲ್ಲ.