ಎರಡನೆಯ ಬಿಂದಿಗೆಯ ನೀರು

ಹುಡುಗಿ ಮರವಾಗುವ ಮುಂಚೆ ಅಕ್ಕನಿಗೆ ಹೇಳಿಕೊಡುವ ಕ್ರಮ ಬಹಳ ನಾಜೂಕಿನದು. ನೆಲ ಗುಡಿಸಿ ಚೊಕ್ಕಟ ಮಾಡಬೇಕು. ಎರಡು ಬಿಂದಿಗೆ ನೀರು ತರಬೇಕು, ನೀರಿಗೆ ಉಗುರು ಸೋಕಬಾರದು. ಮೊದಲ ಬಿಂದಿಗೆ ಸುರಿದರೆ ಅವಳು ಮೈತುಂಬ ಹೂ ಬಿಟ್ಟ ಮರವಾಗುತ್ತಾಳೆ. ಬೇಕಾದಷ್ಟು ಹೂ ಬಿಡಿಸಿಕೊಳ್ಳಬಹುದು, ಆದರೆ ಚಿಗುರು ಮುರಿಯಬಾರದು, ಎಲೆ ಹರಿಯಬಾರದು. ಎರಡನೆಯ ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಕೂಲಿನಾಲಿ ಮಾಡಿ ಸಾಕುವ ಅವ್ವನಿಗೆ ನಾಲ್ಕು ಕಾಸು ಸಿಗಲಿ ಎಂಬುದಷ್ಟೇ ಅವಳ ಆಸೆ.

ನಮ್ಮ ಹೆಂಗಸರು ಅಡುಗೆಮನೆಯಲ್ಲಿ ಹೇಳುತ್ತಿದ್ದ ಈ ಕಥೆ 2006ರ ನವೆಂಬರಿನಲ್ಲಿ ವಿಯೆನ್ನಾದ ರಂಗವೇರಿತು. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಅದನ್ನು ಒಪೆರಾ ಮಾಡಿದ್ದರು. ನಿರ್ದೇಶನ ಪೀಟರ್ ಸೆಲ್ಲರ್ಸ್ ಅವರದು. ಮೊಜಾರ್ಟ್ ಹುಟ್ಟಿ 250 ವರ್ಷ ತುಂಬಿದ ಸಂದರ್ಭದ ಉತ್ಸವ ಅದು. ಮೇಳ ಹಾಡಿದ್ದು ಸ್ಪ್ಯಾನಿಷ್‌ನಲ್ಲಿ, ಕುಣಿದವರು ಜಾವಾದ ಕಲಾವಿದರು. ನಮ್ಮ ಕಥೆಯಲ್ಲಿ ಹೆಸರೇ ಇಲ್ಲದ ಹುಡುಗಿಗೆ ಅಲ್ಲಿ ಕುಮುದಾ ಎಂಬ ಹೆಸರು ಸಿಕ್ಕಿತು.

ವಿಯೆನ್ನಾಕ್ಕೆ ಹೋದ ದಾರಿ ಹಿಡಿದು ಹಿಂದಕ್ಕೆ ನಡೆದರೆ ಮೈಸೂರಿನ ಒಂದು ಮನೆ ಸಿಗುತ್ತದೆ. ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಹುಟ್ಟಿದ್ದು ಈ ಊರಿನಲ್ಲಿ, 1929ರಲ್ಲಿ. ತಂದೆ ಕೃಷ್ಣಸ್ವಾಮಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರು. ಮಹಡಿಯಲ್ಲಿ ಅಪ್ಪನ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ಅಮ್ಮನ ತಮಿಳು, ಬೀದಿಗೆ ಇಳಿದರೆ ಕನ್ನಡ. ರಾತ್ರಿ ಊಟದ ಹೊತ್ತಿಗೆ ಮಕ್ಕಳನ್ನು ಕೂರಿಸಿಕೊಂಡು ಕೈತುತ್ತಿನ ಜೊತೆ ಕಥೆ. ಮಹಾರಾಜ ಕಾಲೇಜಿನಲ್ಲಿ ಓದಿ, ಬೆಳಗಾವಿಯಲ್ಲಿ ಪಾಠ ಹೇಳಿ, ಷಿಕಾಗೋ ಸೇರಿದ ಮೇಲೂ ಅವರು ಬಿಡದೆ ಕೂಡಿಹಾಕಿದ್ದು ಆ ಅಡುಗೆಮನೆಯ ಕಥೆಗಳನ್ನೇ. ಮರವಾಗುವ ಹುಡುಗಿಯ ಕಥೆಯನ್ನು ಅವರೂ ಅವರ ಜೊತೆಗಾರರೂ ಕರ್ನಾಟಕದಲ್ಲಿ ಹಲವು ಪಾಠಾಂತರಗಳಲ್ಲಿ ಸಂಗ್ರಹಿಸಿದರು. ರಾಮಾನುಜನ್ 1993ರಲ್ಲಿ ತೀರಿಕೊಂಡರು. ನಾಲ್ಕು ವರ್ಷದ ಬಳಿಕ, 1997ರಲ್ಲಿ, ಅವರ ಕೊನೆಯ ಕಥಾಸಂಕಲನ ಇದೇ ಕಥೆಯ ಹೆಸರು ಹೊತ್ತು ಬಂತು.

ಯುರೋಪಿಗೆ ಮರವಾಗುವ ಹೆಣ್ಣು ಹೊಸಬಳೇನಲ್ಲ. ಒಪೆರಾ ಎಂಬ ಪ್ರಕಾರದ ಮೊದಲ ಕೃತಿ ಎಂದು ಸಾಮಾನ್ಯವಾಗಿ ಎಣಿಸುವುದೇ ದಾಫ್ನೆಯ ಕಥೆಯನ್ನು. 1598ರ ಸುಮಾರಿಗೆ ಫ್ಲಾರೆನ್ಸ್‌ನಲ್ಲಿ ಯಾಕೊಪೊ ಪೇರಿ ಅದಕ್ಕೆ ಸಂಗೀತ ಕೊಟ್ಟ. ಅಪೊಲೊ ಬೆನ್ನಟ್ಟಿ ಬಂದಾಗ ಓಡಿ ಓಡಿ ಸೋತು, ಕಾಪಾಡೆಂದು ಮೊರೆಯಿಟ್ಟು ಲಾರೆಲ್ ಮರವಾದವಳು ದಾಫ್ನೆ. ಇಂಥ ಕಥೆಗಳ ಹಿಂದಿರುವ, ಕ್ರೈಸ್ತಧರ್ಮ ಬರುವ ಮೊದಲಿನ ನಂಬಿಕೆಗಳನ್ನು ಯುರೋಪಿನವರು ‘ಪೇಗನ್’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಆ ಪದದ ಮೂಲಾರ್ಥ ಹಳ್ಳಿಗ ಎಂದು. ಆ ಹಳ್ಳಿಗರಿಗೆ ಮರವೇ ದೇವರ ಮನೆ. ಎಂಟನೆಯ ಶತಮಾನದಲ್ಲಿ ಜರ್ಮನಿಯ ಗೈಸ್ಮಾರ್ ಎಂಬಲ್ಲಿ ಜನ ಪೂಜಿಸುತ್ತಿದ್ದ ಓಕ್ ಮರವನ್ನು ಬೋನಿಫೇಸ್ ಎಂಬ ಪಾದ್ರಿ ಕಡಿದುಹಾಕಿ, ಅದರದೇ ಮರಮುಟ್ಟಿನಿಂದ ಪ್ರಾರ್ಥನಾಮಂದಿರ ಕಟ್ಟಿಸಿದನೆಂದು ಅವನ ಚರಿತ್ರೆ ಹೇಳುತ್ತದೆ.

ಹಳೆಯ ನಂಬಿಕೆ ಬಹುಕಾಲ ಉಳಿದದ್ದು ಲಿಥುವೇನಿಯಾದಲ್ಲಿ. ಆ ನಾಡು ಅಧಿಕೃತವಾಗಿ ಕ್ರೈಸ್ತಧರ್ಮಕ್ಕೆ ಸೇರಿದ್ದು 1387ರಲ್ಲಿ. ಅಲ್ಲಿ ಮನೆಮಾತಾದ ಕಥೆ ಎಗ್ಲೆಯದು. ಅವಳು ಹಾವಿನ ರಾಜನ ಹೆಂಡತಿ. ಅಣ್ಣತಮ್ಮಂದಿರು ಗಂಡನನ್ನು ಕೊಂದಾಗ ಅವಳು ಮೂವರು ಗಂಡುಮಕ್ಕಳನ್ನು ಓಕ್, ಆ್ಯಶ್, ಬರ್ಚ್ ಮರಗಳಾಗಿಸಿದಳು. ಆ ಸೋದರಮಾವಂದಿರಿಗೆ ಹೆದರಿ ಅಪ್ಪನ ಹೆಸರು ಬಾಯಿಬಿಟ್ಟ ಮಗಳನ್ನು ಎಲೆ ನಡುಗುವ ಆ್ಯಸ್ಪೆನ್ ಮರವಾಗಿಸಿದಳು. ತಾನು ಸ್ಪ್ರೂಸ್ ಮರವಾಗಿ ನಿಂತುಬಿಟ್ಟಳು. ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮೂರ ಅರಳಿಕಟ್ಟೆ. ಅಲ್ಲೂ ಮರದ ಬುಡಕ್ಕೆ ಒರಗಿ ನಾಗರಕಲ್ಲುಗಳು, ಅರಿಶಿನ ಕುಂಕುಮ, ಬೆಳಿಗ್ಗೆಯೇ ಸುತ್ತು ಬರುವ ಹೆಂಗಸರು. ಮೇಲೆ ನೋಡಿದರೆ ಗಾಳಿ ಇದೆಯೋ ಇಲ್ಲವೋ ಅನ್ನುವಾಗಲೂ ಅರಳಿಯ ಎಲೆ ನಡುಗುತ್ತಿರುತ್ತದೆ. ಆ್ಯಸ್ಪೆನ್ ಎಲೆಗೂ ಅರಳಿ ಎಲೆಗೂ ಅದೇ ಉದ್ದನೆಯ ತೊಟ್ಟು.

ಆದರೆ ಒಂದು ದೊಡ್ಡ ಅಂತರವಿದೆ, ನನಗೆ ಅದೇ ಮುಖ್ಯ. ದಾಫ್ನೆ ತಿರುಗಿ ಬರಲಿಲ್ಲ. ಎಗ್ಲೆಯೂ ಬರಲಿಲ್ಲ. ಕನ್ನಡದ ಹುಡುಗಿ ಮಾತ್ರ ದಿನಾ ಹೋಗಿ ದಿನಾ ಬರುತ್ತಾಳೆ. ಅವಳನ್ನು ಮರಳಿ ತರುವುದು ದೇವರಲ್ಲ, ನೀರು ಹೊಯ್ಯುವ ಕೈ. ಅಕ್ಕನ ಕೈಯಲ್ಲಿ ಅವಳಿಗೆ ಒಂದು ಗೀರೂ ಆಗುವುದಿಲ್ಲ. ಅವಳನ್ನು ಮದುವೆಯಾದ ರಾಜಕುಮಾರನಿಗೆ ರಾತ್ರಿ ರಾತ್ರಿ ಹೂ ಬೇಕು, ಬಾಡಿದ ಹೂವಿನ ರಾಶಿ ಕೋಣೆಯ ಹೊರಗೆ ಬೀಳುತ್ತದೆ. ಕೊನೆಗೆ ನಾದಿನಿ ಗೆಳತಿಯರ ಗುಂಪಿನೊಡನೆ ತೋಟಕ್ಕೆ ಕರೆದೊಯ್ದು ಮರವಾಗಿಸುತ್ತಾಳೆ. ಅವರು ಸಿಕ್ಕ ಸಿಕ್ಕ ಕೊಂಬೆ ಲಟಲಟನೆ ಮುರಿದು, ಎರಡನೆಯ ಬಿಂದಿಗೆಯನ್ನು ಹೇಗೋ ಚೆಲ್ಲಿ ಓಡಿಹೋಗುತ್ತಾರೆ. ಕೈಕಾಲಿಲ್ಲದ ಅರೆಜೀವ ಉಳಿಯುತ್ತದೆ, ಮಳೆನೀರು ಅದನ್ನು ಚರಂಡಿಗೆ ಕೊಚ್ಚಿಕೊಂಡು ಹೋಗುತ್ತದೆ. ಗಿರೀಶ್ ಕಾರ್ನಾಡ್ 1992ರ ‘ಚೆಲುವಿ’ ಚಿತ್ರದಲ್ಲಿ ಇದೇ ಕಥೆಯನ್ನು ಕಾಡು ಕಡಿಯುವ ಸಂಕಟಕ್ಕೆ ಜೋಡಿಸಿದ್ದು ಸಹಜವೇ ಆಗಿತ್ತು.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವ ಹೆಂಗಸು ಮೊಳಕೈಯಿಂದ ಬೆರಳತುದಿಗೆ ದಾರ ಹಿಡಿದು ಅಳೆಯುವಾಗ ಮೊಗ್ಗು ನಲುಗದ ಹಾಗೆ ಬೆರಳು ಸಡಿಲ ಬಿಡುತ್ತಾಳೆ. ಬಾಳೆಲೆಯಲ್ಲಿ ಕಟ್ಟುವ ಮುಂಚೆ ಒಂದಿಷ್ಟು ನೀರು ಚಿಮುಕಿಸುತ್ತಾಳೆ. ಅದೇ ಊರಿನ ಹೈದರಾಲಿ ರಸ್ತೆಯಲ್ಲಿ 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲ ಮಾಡಲೆಂದು 40 ಮರ ಉರುಳಿಸಿದರು. ಜನ ಬಂದು ಪ್ರತಿಭಟಿಸಿದ್ದು ಆಮೇಲೆ. ವಿಜಯದಶಮಿಗೆ ಬನ್ನಿ ಮರದ ಪೂಜೆಗೆಂದು ಬನ್ನಿಮಂಟಪದವರೆಗೆ ಮೆರವಣಿಗೆ ಹೋಗುವ ಊರು ನಮ್ಮದು.

ಕಥೆಯಲ್ಲಿ ರಾಜಕುಮಾರ ಬೈರಾಗಿಯಾಗಿ ಅಲೆದು ಕೊನೆಗೆ ಹೆಂಡತಿಯ ಗುರುತು ಹಿಡಿಯುತ್ತಾನೆ. ಅವಳು ಹೇಳಿದಂತೆ ಮೊದಲ ಬಿಂದಿಗೆ ಸುರಿದು, ಮುರಿದ ಕೊಂಬೆಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿ ಕಟ್ಟುತ್ತಾನೆ. ಎಲ್ಲ ಕೂಡಿದ ಮೇಲೆಯೇ ಎರಡನೆಯ ಬಿಂದಿಗೆಗೆ ಕೈ ಹಾಕುತ್ತಾನೆ.