ತೋಟದ ಮಳಿಗೆಗೆ ಬಿಲ್ ಯಂತ್ರ: ಕೊಳ್ಳುವ ಮುನ್ನ

ಕುಂದಾಣದ ರೈತರಿಗೆ ಮಾರಾಟದ ಯಂತ್ರ ಹೊಸದಲ್ಲ. 2018ರ ವೇಳೆಗೆ ದೇಶದಾದ್ಯಂತ ರಸಗೊಬ್ಬರದ ಅಂಗಡಿಗಳಿಗೆ ಬೆರಳಚ್ಚಿನ ಯಂತ್ರಗಳು ಬಂದವು. ಅನೇಕ ಹಾಲು ಉತ್ಪಾದಕರ ಸಂಘಗಳಲ್ಲಿ ಹಾಲಿನ ತೂಕ, ಜಿಡ್ಡಿನ ಅಂಶ ನೋಡಿ ಚೀಟಿ ಕೊಡುವ ಯಂತ್ರವೂ ಉಂಟು. ಅಲ್ಲೆಲ್ಲ ನೀವು ಯಂತ್ರದ ಮುಂದೆ ನಿಲ್ಲುವವರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ರಸ್ತೆಗಳಿಗೆ ಪೇಟೆಯ ಗಿರಾಕಿ ಬಂದಿದ್ದಾನೆ. ದ್ರಾಕ್ಷಿ, ಚಕ್ಕೋತ, ತರಕಾರಿ, ಹೂವನ್ನು ಮಂಡಿಗೆ ಕಳಿಸದೆ ರಸ್ತೆ ಬದಿಯಲ್ಲೇ ಮಾರಲು ಹೊರಟರೆ, ಯಂತ್ರದ ಹಿಂದೆ ನಿಲ್ಲಬೇಕಾದವರು ನೀವೇ.

ಮಾರಾಟವೆಂದರೆ ತೂಗುವುದು, ಬೆಲೆ ಕಟ್ಟುವುದು, ಹಣ ಪಡೆಯುವುದು, ಲೆಕ್ಕ ಬರೆಯುವುದು. ಯುಪಿಐ ಫಲಕ ಮತ್ತು ಹಣ ಬಂದುದನ್ನು ಕೂಗಿ ಹೇಳುವ ಪೆಟ್ಟಿಗೆ ಇವುಗಳಲ್ಲಿ ಮೂರನೆಯದನ್ನು ಮಾತ್ರ ಮಾಡುತ್ತವೆ. ಅಷ್ಟೇ ಸಾಕೆಂದುಕೊಂಡಿದ್ದವರಿಗೆ 2025ರ ಜುಲೈ ತಿಂಗಳು ಬಿಸಿ ಮುಟ್ಟಿಸಿತು. ಯುಪಿಐ ಮೂಲಕ ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿ ಹಣ ಪಡೆದಿದ್ದ ಸಣ್ಣ ವ್ಯಾಪಾರಿಗಳಿಗೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳು ಹೋದವು. ತರಕಾರಿ, ಹಾಲು ಮಾರುವವರಿಗೂ ಹೋದವು. ಬೆಂಗಳೂರಿನ ಎಷ್ಟೋ ಅಂಗಡಿಗಳು ಫಲಕ ತೆಗೆದು 'ನಗದು ಮಾತ್ರ' ಎಂದು ಬರೆದವು. ವಿನಾಯಿತಿ ಇರುವ ಸರಕು ಮಾರುವವರಿಂದ ತೆರಿಗೆ ವಸೂಲಿ ಇಲ್ಲವೆಂದು ಅದೇ ತಿಂಗಳು ಸರ್ಕಾರ ಹೇಳಿತು. ಆದರೂ ಗಮನಿಸಿ: ಬ್ಯಾಂಕಿನ ಪುಸ್ತಕದಲ್ಲಿ ಎಷ್ಟು ಬಂತೆಂದು ಇರುತ್ತದೆ, ಏನು ಹೋಯಿತೆಂದು ಇರುವುದಿಲ್ಲ. ಕೋಸು ಮಾರಿದ ಹಣ, ಸೋಡಾ ಮಾರಿದ ಹಣ, ಭಾವಮೈದುನ ಹಿಂದಿರುಗಿಸಿದ ಕೈಸಾಲ ಅಲ್ಲಿ ಒಂದೇ ಬಣ್ಣ. ಆದ್ದರಿಂದ ಯಂತ್ರ ಆರಿಸುವಾಗ ಮೊದಲು ನೋಡಬೇಕಾದುದು ಅದು ಸರಕುವಾರು ಲೆಕ್ಕ ಇಡುತ್ತದೆಯೇ ಎಂಬುದನ್ನು.

ಸ್ವಂತ ಜಮೀನಿನ ಬೆಳೆ ಮಾರುವಷ್ಟರ ಮಟ್ಟಿಗೆ ರೈತನು ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಿಲ್ಲ. ತಾಜಾ ಹಣ್ಣು, ತರಕಾರಿಗೆ ತೆರಿಗೆಯೂ ಇಲ್ಲ. ತೊಡಕು ಬರುವುದು ಪಕ್ಕದಲ್ಲಿ ಜಾಮು, ಉಪ್ಪಿನಕಾಯಿ, ತಂಪು ಪಾನೀಯ ಇಟ್ಟಾಗ. ಆಗ ನೆರೆಯವರಿಂದ ಕೊಂಡು ಮಾರಿದ ತರಕಾರಿಯಂಥ ವಿನಾಯಿತಿಯ ಸರಕೂ 40 ಲಕ್ಷದ ಒಟ್ಟು ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ಸ್ವಂತ ಬೆಳೆ, ಕೊಂಡು ತಂದದ್ದು, ತೆರಿಗೆ ಇರುವ ಸರಕು ಎಂದು ಮೂರು ಬಾಬ್ತುಗಳನ್ನು ಯಂತ್ರದಲ್ಲಿ ಮೊದಲ ದಿನದಿಂದಲೇ ಬೇರೆ ಬೇರೆ ಇಡಿ. ಹೀಗೆ ವಿಂಗಡಿಸಲು ಬಾರದ ಯಂತ್ರ ನಿಮಗೆ ಬೇಡ.

ತೂಗಿ ಮಾರುವವರಿಗೆ ತಕ್ಕಡಿ ಮತ್ತು ಬಿಲ್ ಮುದ್ರಣ ಒಂದೇ ಮೈಯಲ್ಲಿರುವ ಯಂತ್ರವೇ ಲೇಸೆಂದು ನನ್ನ ಅಭಿಪ್ರಾಯ. ತೂಕವನ್ನು ಕಣ್ಣಿನಿಂದ ಓದಿ ಫೋನಿನಲ್ಲಿ ಒತ್ತುವ ಪದ್ಧತಿಯಲ್ಲಿ ಜನ ಸೇರಿದಾಗ ತಪ್ಪಾಗುತ್ತದೆ. ತಕ್ಕಡಿಯ ಮೇಲಿನ ಪುಟ್ಟ ತಗಡನ್ನು ಓದಿ. ಅದರಲ್ಲಿ ಗರಿಷ್ಠ ತೂಕ, ಕನಿಷ್ಠ ತೂಕ ಮತ್ತು ಅಂತರ ಬರೆದಿರುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾದ ಮೂರನೆಯ ದರ್ಜೆಯ ತಕ್ಕಡಿಯಲ್ಲಿ ಕನಿಷ್ಠ ತೂಕವು ಅಂತರದ 20 ಪಟ್ಟು. ಅಂದರೆ 5 ಗ್ರಾಂ ಅಂತರದ ತಕ್ಕಡಿಯಲ್ಲಿ 100 ಗ್ರಾಮಿಗಿಂತ ಕಡಿಮೆ ತೂಗಬಾರದು. ದ್ರಾಕ್ಷಿಗೆ ಇದು ಸಾಕು. ಕನಕಾಂಬರವನ್ನು 50 ಗ್ರಾಂ ಲೆಕ್ಕದಲ್ಲಿ ಮಾರುವವರು 2 ಗ್ರಾಂ ಅಥವಾ 1 ಗ್ರಾಂ ಅಂತರದ್ದನ್ನು ಕೊಳ್ಳಬೇಕು. ಕಿಲೋಗೆ 120 ರೂಪಾಯಿಯ ದ್ರಾಕ್ಷಿಯಲ್ಲಿ ಒಂದೊಂದು ತೂಕಕ್ಕೆ 10 ಗ್ರಾಂ ಹೆಚ್ಚು ಹೋದರೆ ನಷ್ಟ 1 ರೂಪಾಯಿ 20 ಪೈಸೆ; ದಿನಕ್ಕೆ 80 ತೂಕವಾದರೆ 96 ರೂಪಾಯಿ; ತಿಂಗಳಿಗೆ 2,880 ರೂಪಾಯಿ. ಕಡಿಮೆ ಹೋದರೆ ಗಿರಾಕಿಯೇ ಹೋಗುತ್ತಾನೆ.

ವ್ಯಾಪಾರಕ್ಕೆ ಬಳಸುವ ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರತಕ್ಕದ್ದು, ಅದನ್ನು 12 ತಿಂಗಳಿಗೊಮ್ಮೆ ನವೀಕರಿಸತಕ್ಕದ್ದು. ಮುದ್ರೆಯಿಲ್ಲದ ಅಗ್ಗದ ತಕ್ಕಡಿ ಅಡುಗೆಮನೆಗೆ ಸರಿ. ಮಟ್ಟದ ಗುಳ್ಳೆ ನಡುವೆ ನಿಂತಿದೆಯೇ, ಫ್ಯಾನಿನ ಗಾಳಿ ತಟ್ಟೆಗೆ ಬಡಿಯುತ್ತಿದೆಯೇ ನೋಡಿ. ಪ್ರಯೋಗಾಲಯದಲ್ಲಿ ಮಣ್ಣು ತೂಗುವಾಗ ನಾವೂ ಮೊದಲು ನೋಡುವುದು ಇದನ್ನೇ. ಮುದ್ರೆಯಿರುವ 1 ಕಿಲೋ ಕಲ್ಲೊಂದನ್ನು ಇಟ್ಟುಕೊಂಡು ದಿನವೂ ಬೆಳಿಗ್ಗೆ ತೂಗಿ ನೋಡಬಹುದು.

ಬಿಲ್ ಕಾಗದದ ಮೇಲೆ ಶಾಖದಿಂದ ಮೂಡುವ ಅಕ್ಷರ ಬಿಸಿಲಿಗೆ ಮಾಸುತ್ತದೆ. ಆದುದರಿಂದ ಲೆಕ್ಕವು ಯಂತ್ರದ ಸ್ಮರಣೆಯಲ್ಲಿ ಉಳಿಯಬೇಕು, ತಿಂಗಳಿಗೊಮ್ಮೆ ಪೆನ್ ಡ್ರೈವಿಗೆ ಇಳಿಸಲು ಬರಬೇಕು. ಫೋನಿನ ಆ್ಯಪ್ ಆದರೆ ವಾರ್ಷಿಕ ಶುಲ್ಕ ನಿಲ್ಲಿಸಿದ ಮೇಲೂ ಹಳೆಯ ಲೆಕ್ಕ ಕೈಗೆ ಸಿಗುವುದೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಸರಕಿನ ಹೆಸರು ಕನ್ನಡದಲ್ಲಿ ಮೂಡಿದರೆ ಒಳ್ಳೆಯದು.

ಕಾರ್ಡು ಉಜ್ಜುವ ಯಂತ್ರಕ್ಕೆ ಅವಸರ ಬೇಡ. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಹಣಕ್ಕೂ ರುಪೇ ಡೆಬಿಟ್ ಕಾರ್ಡಿಗೂ 2020ರ ಜನವರಿಯಿಂದ ವರ್ತಕರ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡಿಗೆ ಉಂಟು, ಯಂತ್ರದ ತಿಂಗಳ ಬಾಡಿಗೆ ಬೇರೆ. ಹೂಕೋಸು ಮಾರಿ ಬರುವ ಲಾಭದಲ್ಲಿ ಅದಕ್ಕೆ ಜಾಗವಿದೆಯೇ ಎಂದು ಲೆಕ್ಕ ಹಾಕಿ.

ಮಾರುವವನು ನಿಮ್ಮ ಮಳಿಗೆಗೇ ಬಂದು ತೋರಿಸಲಿ. ವಿದ್ಯುತ್ತನ್ನೂ ಇಂಟರ್ನೆಟ್ಟನ್ನೂ ಆರಿಸಿ, ಬ್ಯಾಟರಿಯ ಮೇಲೆ ಹತ್ತು ಬಿಲ್ ಮಾಡಿಸಿ. ಒಂದನ್ನು ರದ್ದು ಮಾಡಿಸಿ, ಬುಟ್ಟಿಯ ತೂಕ ಕಳೆಯಿಸಿ, ಕೊನೆಗೆ ದಿನದ ಸರಕುವಾರು ವರದಿ ತೆಗೆಸಿ. ಇದನ್ನೆಲ್ಲ ನೀವು ಮಾಡಬೇಡಿ. ನೀವು ತೋಟದಲ್ಲಿರುವಾಗ ಮಳಿಗೆಯಲ್ಲಿ ಕೂರುವ ಮನೆಯಾಕೆಯೋ ಮಗನೋ ಮಾಡಲಿ. ಅವರ ಕೈಗೆ ಒಗ್ಗದಿದ್ದರೆ ಮುಂಗಡ ಕೊಡಬೇಡಿ.