ಶೀಗಿ ಹುಣ್ಣಿಮೆಗೆ ಕಾಗದದ ತೆನೆ

(ಬಾನುಲಿ ಭಾಷಣ)

ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಹಳ್ಳಿಗಳಲ್ಲಿ ಕಡಿಮೆ. ಉಪಕಾರ ಮಾಡಿದವರ ಎದುರಿಗೆ ನಿಂತು ಅದನ್ನು ಮಾತಿನಲ್ಲಿ ಎತ್ತಿ ಆಡಿದರೆ ಆಡಿದವರಿಗೂ ಸಂಕೋಚ, ಕೇಳಿದವರಿಗೂ ಸಂಕೋಚ. ಮಾತಿನ ಬದಲು ಒಂದು ಬುತ್ತಿ, ಒಂದು ಉಡಿ, ಒಂದು ಹಿಡಿ ಕಾಳು ಕೈಯಿಂದ ಕೈಗೆ ದಾಟುತ್ತದೆ. ಋಣದ ಲೆಕ್ಕವನ್ನು ಇಬ್ಬರೂ ಅಷ್ಟರಲ್ಲೇ ಅರಿತುಕೊಳ್ಳುತ್ತಾರೆ. ಭೂಮಿಯ ಋಣವನ್ನೂ ನಮ್ಮವರು ಒಪ್ಪಿಕೊಂಡಿರುವುದು ಹೀಗೆಯೇ. ಉತ್ತರ ಕರ್ನಾಟಕದ ಶೀಗಿ ಹುಣ್ಣಿಮೆ ಅಂಥ ಒಂದು ಒಪ್ಪಿಗೆಯ ದಿನ. ಆ ದಿನಕ್ಕೆ ಮನೆಯ ಗೋಡೆಯ ಮೇಲೆ ಕಾಗದದಿಂದ ಒಂದು ಅಲಂಕಾರವನ್ನು ಹೇಗೆ ಮಾಡಬಹುದು, ಏಕೆ ಮಾಡಬೇಕು ಎಂಬ ಎರಡು ವಿಷಯಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನ ಆಸೆ.

ನನ್ನ ಕಣ್ಣ ಮುಂದಿರುವುದು ಹನುಮಸಾಗರದ ಸೀಮೆ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿಗೆ ಸೇರಿದ ಊರು ಇದು. 1948ರವರೆಗೆ ಇದು ನಿಜಾಮರ ಹೈದರಾಬಾದು ಸಂಸ್ಥಾನದ ನೆಲ. 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವವರೆಗೆ ರಾಯಚೂರು ಜಿಲ್ಲೆಯ ಭಾಗ. ಕಪ್ಪು ಮಣ್ಣು, ಕೆಂಪು ಮಣ್ಣು ಎರಡೂ ಇಲ್ಲಿವೆ. ಮಳೆ ಮಾತ್ರ ಕೈಬಿಗಿ: ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಇಂಥ ಸೀಮೆಯಲ್ಲಿ ಬೆಳೆಯೆಂಬುದು ಕೇಳಿ ಪಡೆಯುವ ಹಕ್ಕಲ್ಲ, ಬಂದಾಗ ಕಣ್ಣಿಗೆ ಒತ್ತಿಕೊಳ್ಳುವ ಪ್ರಸಾದ.

ದಸರೆ ಮುಗಿದು ಆಶ್ವಯುಜ ಮಾಸದ ಹುಣ್ಣಿಮೆ ಬಂದಾಗ ಇಲ್ಲಿಯ ಹೊಲಗಳಲ್ಲಿ ಮುಂಗಾರಿ ಪೈರು ಕಾಳುಗಟ್ಟಿ ನಿಂತಿರುತ್ತದೆ. ಹಿಂಗಾರಿ ಜೋಳದ ಬಿತ್ತನೆಯ ಗಡಿಬಿಡಿ ನಡೆದಿರುತ್ತದೆ. ಆ ದಿನ ಮನೆಮಂದಿ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತಾರೆ. ಬುತ್ತಿಯಲ್ಲಿ ಸಜ್ಜೆರೊಟ್ಟಿ, ಹೋಳಿಗೆ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ. ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಒಬ್ಬರು ಅಡುಗೆಯನ್ನೆಲ್ಲ ಕಲಸಿದ ಬುಟ್ಟಿ ಹಿಡಿದು ಹೊಲದ ಸುತ್ತ ಎಡೆಯನ್ನು ಚೆಲ್ಲುತ್ತ ನಡೆಯುತ್ತಾರೆ. ಇನ್ನೊಬ್ಬರು ಅವರ ಹಿಂದೆ ನೀರು ಚಿಮುಕಿಸುತ್ತ ಬರುತ್ತಾರೆ. ಇದೇ ಚರಗ. ಎರಡೂವರೆ ತಿಂಗಳ ಬಳಿಕ ಎಳ್ಳ ಅಮಾವಾಸ್ಯೆಯಲ್ಲಿ, ಹಿಂಗಾರಿ ಜೋಳ ಹೊಡೆ ಹಾಯುವ ಕಾಲಕ್ಕೆ, ಇದೇ ವಿಧಿ ಇನ್ನೊಮ್ಮೆ ನಡೆಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಚರಗ ಸುಗ್ಗಿ ಮುಗಿದ ಮೇಲಿನದಲ್ಲ. ರಾಶಿ ಇನ್ನೂ ಕಣಕ್ಕೆ ಬಂದಿಲ್ಲ, ಚೀಲ ತುಂಬಿಲ್ಲ, ಪೇಟೆಯ ಧಾರಣೆ ತಿಳಿದಿಲ್ಲ. ನಮ್ಮ ಜನ ಭೂಮಿಯನ್ನು ಬಸುರಿಯೆಂದು ಭಾವಿಸಿ ಅವಳ ಬಯಕೆಯನ್ನು ತೀರಿಸುತ್ತಾರೆ. ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಕೃತಜ್ಞತೆಯ ಹಬ್ಬವೊಂದನ್ನು ಆಚರಿಸುತ್ತಾರೆ. 1863ರಲ್ಲಿ ಅಧ್ಯಕ್ಷ ಲಿಂಕನ್ ಅದನ್ನು ದೇಶದ ಹಬ್ಬವೆಂದು ಸಾರಿದರು. 1941ರ ಕಾನೂನು ಈಗಿನ ದಿನವನ್ನು ನಿಗದಿಗೊಳಿಸಿತು. ಕೆನಡಾದಲ್ಲಿ ಅದು ಅಕ್ಟೋಬರಿನ ಎರಡನೆಯ ಸೋಮವಾರ, ಹೆಚ್ಚುಕಡಿಮೆ ನಮ್ಮ ಶೀಗಿ ಹುಣ್ಣಿಮೆಯ ಹೊತ್ತಿಗೇ ಬರುತ್ತದೆ. ಆ ಹಬ್ಬಗಳು ಕಣಜ ತುಂಬಿದ ಮೇಲಿನ ವಂದನೆ. ನಮ್ಮದು ತುಂಬುವ ಮೊದಲಿನ ವಂದನೆ. ಮೇಲುಕೀಳಿನ ಮಾತು ಇದಲ್ಲ. ಪಡೆದದ್ದಕ್ಕೆ ಕೈಮುಗಿಯುವುದು ಒಂದು ಬಗೆ, ಪಡೆಯುವ ಮೊದಲೇ ನಂಬಿ ಕೊಡುವುದು ಇನ್ನೊಂದು ಬಗೆ. ಮಳೆಯನ್ನು ನೆಚ್ಚಿದ ಸೀಮೆಗೆ ಎರಡನೆಯದೇ ಒಗ್ಗಿತು.

ಹಬ್ಬ ಹೊಲದ್ದಾದರೆ ಗೋಡೆಗೇನು ಕೆಲಸ ಎಂದು ನೀವು ಕೇಳಬಹುದು. ಹೊಲವಿದ್ದವರಿಗೆ ಗೋಡೆಯ ಹಂಗಿಲ್ಲ, ನಿಜ. ಆದರೆ ಈ ಸೀಮೆಯಿಂದ ದುಡಿಮೆಗೆಂದು ಬೆಂಗಳೂರಿಗೆ, ಮಂಗಳೂರಿಗೆ, ಗೋವೆಗೆ ಹೋದ ಕುಟುಂಬಗಳೆಷ್ಟು! ಹೊಲವನ್ನು ಪಾಲಿಗೆ ಕೊಟ್ಟು ಪಟ್ಟಣದ ಬಾಡಿಗೆ ಮನೆಯಲ್ಲಿರುವವರೆಷ್ಟು! ಅವರ ಮಕ್ಕಳಿಗೆ ಚರಗ ಚೆಲ್ಲಲು ನೆಲವಿಲ್ಲ; ಉಣ್ಣುವ ರೊಟ್ಟಿಯಂತೂ ನೆಲದ್ದೇ. ಅಂಥ ಮನೆಯಲ್ಲಿ ಒಂದು ಗೋಡೆ ಒಂದು ದಿನದ ಮಟ್ಟಿಗೆ ಹೊಲವಾಗಬಹುದಲ್ಲವೆ? ಗೋಡೆಯ ಅಲಂಕಾರ ಶೀಗಿ ಹುಣ್ಣಿಮೆಯ ಹಳೆಯ ವಿಧಿಯೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿರುವ ಹಳೆಯ ಕೈಕೆಲಸವೊಂದನ್ನು ಈ ಹಬ್ಬಕ್ಕೆ ಜೋಡಿಸಿಕೊಳ್ಳೋಣ ಎಂಬುದಷ್ಟೇ ನನ್ನ ಸೂಚನೆ.

ಕಾಗದ ಕತ್ತರಿಸಿ ಸಿಂಗರಿಸುವ ಕೆಲಸ ನಮಗೆ ಹೊಸದಲ್ಲ. ಜಾತ್ರೆಗೆ, ಮದುವೆಗೆ, ಶಾಲೆಯ ಧ್ವಜವಂದನೆಗೆ ಬಣ್ಣದ ಹಾಳೆಯ ಪರಪರಿ ಕಟ್ಟದ ಊರು ಈ ಕಡೆ ಇಲ್ಲ. ಗಾಳಿ ಬೀಸಿದಾಗ ಅದು ಮಾಡುವ ಸದ್ದೇ ಆ ಹೆಸರಿನಲ್ಲಿ ಕೇಳಿಸುತ್ತದೆ. ದೀಪಾವಳಿಯ ಆಕಾಶಬುಟ್ಟಿ, ಮೊಹರಮ್ಮಿನ ಡೋಲಿ, ಮದುಮಕ್ಕಳ ಬಾಸಿಂಗ ಇವೆಲ್ಲ ಕಾಗದ, ಬಿದಿರು, ಬೆಂಡು, ಬೇಗಡೆಗಳಿಂದಲೇ ಮೈದಳೆದವು. ಹೊರಗಿನ ಲೋಕದಲ್ಲಿಯೂ ಹೀಗೆಯೇ. ಚೀನೀಯರು ಹೊಸವರ್ಷಕ್ಕೆ ಕೆಂಪು ಕಾಗದದ ಕತ್ತರಿಚಿತ್ರಗಳನ್ನು ಕಿಟಕಿಗೆ ಅಂಟಿಸುತ್ತಾರೆ. 2009ರಲ್ಲಿ ಯುನೆಸ್ಕೋ ಆ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮೆಕ್ಸಿಕೋದವರು ನವೆಂಬರಿನಲ್ಲಿ ಅಗಲಿದ ಹಿರಿಯರ ನೆನಪಿಗೆ ಕಂಡಿ ಕೊರೆದ ಕಾಗದದ ತೋರಣ ಕಟ್ಟುತ್ತಾರೆ. ಮಥುರೆಯ ಸಾಂಝಿಯಲ್ಲಿ ಕೃಷ್ಣಲೀಲೆಯೇ ಕಾಗದದ ಕಂಡಿಯೊಳಗಿಂದ ಇಣುಕುತ್ತದೆ. ಅಮೆರಿಕದ ಮಕ್ಕಳು ತಮ್ಮ ಹಬ್ಬಕ್ಕೆ ಕಾಗದದ ಮೇಲೆ ಅಂಗೈ ಊರಿ ಗೆರೆ ಎಳೆದು, ಬೆರಳುಗಳನ್ನು ಗರಿಗಳಾಗಿಸಿ, ಟರ್ಕಿ ಕೋಳಿಯ ಚಿತ್ರ ಬಿಡಿಸುತ್ತಾರೆ. ಅಲ್ಲಿ ನೆಲೆಸಿದ ನಮ್ಮವರ ಮಕ್ಕಳೂ ಶಾಲೆಯಲ್ಲಿ ಅದನ್ನು ಕಲಿತು ಬರುತ್ತಾರೆ. ಕೋಳಿಯ ಜೊತೆಗೆ ಒಂದು ಜೋಳದ ತೆನೆಯನ್ನೂ ಅವರು ಮಾಡುವಂತಾದರೆ ಬೇಡವೆನ್ನುವವರಾರು?

ಈಗ ಮಾಡುವ ವಿಧಾನಕ್ಕೆ ಬರುತ್ತೇನೆ. ಮೊದಲನೆಯದು ಕಾಗದ. ಅಂಗಡಿಯಲ್ಲಿ ಸಿಗುವ ಬಣ್ಣದ ತೆಳುಹಾಳೆಯಿಂದ ಕೆಲಸ ನಡೆಯುತ್ತದೆ. ಕಾಗದವನ್ನೇ ಮನೆಯಲ್ಲಿ ಮಾಡಿಕೊಂಡರೆ ಇನ್ನೂ ಲೇಸು. ಮಕ್ಕಳ ಹಳೆಯ ನೋಟುಪುಸ್ತಕಗಳನ್ನು ಚೂರುಚೂರಾಗಿ ಹರಿದು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಬೇಕು. ಬೆಳಗ್ಗೆ ಒರಳಿನಲ್ಲಿ ಹಾಕಿ ಅಕ್ಷರದ ಗುರುತು ಉಳಿಯದಂತೆ ಕುಟ್ಟಬೇಕು. ಒಮ್ಮೆ ಕಾಗದವಾಗಿದ್ದ ನಾರು ಎರಡನೆಯ ಸಲಕ್ಕೆ ಗಿಡ್ಡವಾಗಿ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದ ಸಣ್ಣಗೆ ಕತ್ತರಿಸಿದ ಹತ್ತಿಯನ್ನು ಒಂದು ಹಿಡಿ ಸೇರಿಸುವುದು ಒಳ್ಳೆಯದು. ಈ ಮುದ್ದೆಯನ್ನು ಅಗಲವಾದ ಬೋಗುಣಿಯಲ್ಲಿ ನೀರುಮಜ್ಜಿಗೆಯಷ್ಟು ತೆಳ್ಳಗೆ ಕದಡಬೇಕು. ಮರದ ಚೌಕಟ್ಟಿಗೆ ಸೊಳ್ಳೆಯ ಜಾಳಿಗೆಯನ್ನು ಬಿಗಿದು, ಅದನ್ನು ಬೋಗುಣಿಯೊಳಗೆ ಮುಳುಗಿಸಿ, ಮಟ್ಟಸವಾಗಿ ಮೇಲೆತ್ತಿ, ಎಡಬಲಕ್ಕೂ ಹಿಂದುಮುಂದಕ್ಕೂ ಮೆಲ್ಲಗೆ ಅಲುಗಿಸಬೇಕು. ಆ ಅಲುಗಾಟದಿಂದ ನಾರುಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಕಾಗದದ ಗಟ್ಟಿತನಕ್ಕೆ ಆ ಹೆಣಿಗೆಯೂ ಒಂದು ಕಾರಣ. ನೀರು ಬಸಿದ ಮೇಲೆ ಹಸಿಯ ಬಟ್ಟೆಯ ಮೇಲೆ ಮಗುಚಿ, ಇನ್ನೊಂದು ಬಟ್ಟೆ ಹೊದಿಸಿ, ಚಪ್ಪಡಿ ಹೇರಿ ನೀರನ್ನು ಹಿಂಡಬೇಕು. ಬಳಿಕ ಹಾಳೆಯನ್ನು ನುಣುಪಾದ ಗೋಡೆಗೆ ಅಂಟಿಸಿಬಿಟ್ಟರೆ ಒಣಗಿ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ದೇಶದ ಹಳೆಯ ಕಾಗದಗಾರರು ಹಾಳೆಯನ್ನು ಒಣಗಿಸುತ್ತಿದ್ದುದೂ ಗೋಡೆಯ ಮೇಲೆಯೇ.

ಬಣ್ಣಕ್ಕೆ ಅಡುಗೆಮನೆ ಸಾಕು. ಕದಡಿದ ಮುದ್ದೆಗೆ ಅರಿಸಿನ ಬೆರೆಸಿದರೆ ಹಳದಿ ಹಾಳೆ. ಅದರ ಮೇಲೆ ಸುಣ್ಣದ ತಿಳಿನೀರನ್ನು ಕುಂಚದಿಂದ ಎಳೆದರೆ ಎಳೆದಲ್ಲೆಲ್ಲ ಕೆಂಪು ಗೆರೆ ಮೂಡುತ್ತದೆ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರು ಸುಣ್ಣ ಸೋಕಿ ಕೆಂಪಾಗುವುದೂ ಇದೇ ಗುಣದಿಂದ. ಕೆಮ್ಮಣ್ಣಿನಿಂದ ಇಟ್ಟಿಗೆಯ ಕೆಂಪು, ದೀಪದ ಮಸಿಯಿಂದ ಕಪ್ಪು ಬರುತ್ತದೆ.

ಅಂಟಿಗೆ ಹುಣಿಸೆಬೀಜ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ನುಣ್ಣಗೆ ಅರೆದು, ನೀರಿನಲ್ಲಿ ಕುದಿಸಿದರೆ ಒಳ್ಳೆಯ ಗೋಂದು ಸಿದ್ಧ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಇದರ ಮರ್ಮವನ್ನು ಬಲ್ಲವರು. ಅವರು ಸೆಣಬಿನ ಚಿಂದಿ, ಮರದ ಹೊಟ್ಟುಗಳನ್ನು ಹುಣಿಸೆಬೀಜದ ಅಂಟಿನಲ್ಲಿ ಕಲಸಿ ಗೊಂಬೆಗಳ ಮೈಯನ್ನು ತಿದ್ದುತ್ತಾರೆ.

ಇನ್ನು ರೂಪಗಳು. ಮೊದಲು ಹುಣ್ಣಿಮೆಯ ಚಂದ್ರ. ಬಿಳಿಯ ಚೌಕ ಹಾಳೆಯೊಂದನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಿಚಿ, ಆಮೇಲೆ ನಡುಬಿಂದುವಿನಿಂದ ಓರೆಯಾಗಿ ಇನ್ನೊಮ್ಮೆ ಮಡಿಚಿದರೆ ಎಂಟು ಪದರಾಗುತ್ತವೆ. ಮಡಿಕೆಗಳೆಲ್ಲ ಕೂಡುವ ಮೂಲೆಯೇ ಹಾಳೆಯ ನಡು. ಅದನ್ನು ಎಡಗೈಯಲ್ಲಿ ಹಿಡಿಯಬೇಕು. ಹೊರ ಅಂಚನ್ನು ಕಮಾನಿನಂತೆ ಕತ್ತರಿಸಿ, ಮಡಿಕೆಯ ಬದಿಗಳಲ್ಲಿ ಸಣ್ಣ ಕಂಡಿಗಳನ್ನು ತೆಗೆಯಬೇಕು. ಮಡಿಕೆಯ ಉದ್ದಕ್ಕೂ ಕತ್ತರಿ ಓಡಿಸಿದರೆ ಹಾಳೆ ತುಂಡಾಗುತ್ತದೆ. ಕಂಡಿಗೂ ಕಂಡಿಗೂ ನಡುವೆ ಒಂದಿಷ್ಟು ಜಾಗ ಉಳಿಸಬೇಕು. ಬಿಡಿಸಿ ನೋಡಿದರೆ ಒಂದು ಸಲ ಹಾಕಿದ ಕತ್ತರಿ ಎಂಟು ಕಡೆ ಫಲ ಕೊಟ್ಟಿರುತ್ತದೆ. ಬಿತ್ತಿದ್ದು ಹಲವು ಪಟ್ಟಾಗಿ ಬರುವ ಸುಗ್ಗಿಯ ಲೆಕ್ಕ ಮಗುವಿಗೆ ತಿಳಿಯುವುದಕ್ಕೆ ಇದಕ್ಕಿಂತ ಸುಲಭದ ಪಾಠ ಬೇಕಿಲ್ಲ.

ಎರಡನೆಯದು ಜೋಳದ ತೆನೆ. ನಾಲ್ಕು ಅಂಗುಲ ಅಗಲ, ಒಂದು ಅಡಿ ಉದ್ದದ ಹಳದಿ ಪಟ್ಟಿಯನ್ನು ಉದ್ದಕ್ಕೆ ಮಡಿಚಿ ಎರಡು ಅಂಗುಲ ಮಾಡಿಕೊಳ್ಳಿ. ಮಡಿಕೆಯ ಕಡೆಯಿಂದ ಕಾಲಂಗುಲಕ್ಕೊಂದರಂತೆ ಕತ್ತರಿಯ ಸೀಳು ಹಾಕಿ, ಬಿಡಿಯಂಚಿನಲ್ಲಿ ಅರ್ಧ ಅಂಗುಲವನ್ನು ಹಾಗೆಯೇ ಬಿಡಿ. ಆ ಅಂಚಿಗೆ ಅಂಟು ಸವರಿ, ಒಣಗಿದ ದಂಟಿನ ತುದಿಯಿಂದ ಕೆಳಕ್ಕೆ ಬಿಗಿಯಾಗಿ ಸುತ್ತುತ್ತ ಬನ್ನಿ. ಸೀಳುಗಳು ಉಬ್ಬಿ ಕಾಳುಗಳಂತೆ ನಿಲ್ಲುತ್ತವೆ. ನಡುವೆ ಎರಡು ಸುತ್ತು ಹೆಚ್ಚು ಕೊಟ್ಟರೆ ಜೋಳದ ದುಂಡು ತೆನೆ. ಸುತ್ತನ್ನು ಒಂದೇ ಸಮನಾಗಿ ಉದ್ದಕ್ಕೆ ಎಳೆದರೆ ಸಜ್ಜೆಯ ನೀಳ ತೆನೆ. ಜೋಳದ ತೆನೆಗೂ ಸಜ್ಜೆಯ ತೆನೆಗೂ ಇರುವ ಭೇದವನ್ನು ಪಟ್ಟಣದ ಮಗು ಬೆರಳ ತುದಿಯಿಂದ ಕಲಿಯುವ ಹೊತ್ತು ಇದು.

ಗೋಡೆಯ ಮೇಲೆ ಇವನ್ನು ಹೊಂದಿಸುವ ಕ್ರಮ ನಿಮ್ಮ ಮನಸ್ಸಿಗೆ ಬಿಟ್ಟದ್ದು. ನನಗೆ ಹಿತವೆನಿಸುವ ಕ್ರಮ ಹೀಗಿದೆ: ಕೆಳಗೆ ಕೆಮ್ಮಣ್ಣಿನ ಬಣ್ಣದ ಅಗಲ ಪಟ್ಟಿ, ಅದು ಹೊಲ. ಅದರ ನಡುವೆ ಬಿಳಿಯ ಐದು ಮುಕ್ಕೋನಗಳು, ಅವೇ ಪಾಂಡವರು. ಎರಡು ಬದಿಗೆ ತೆನೆಗಳ ಸಾಲು. ಮೇಲೆ ಚಂದ್ರ. ಸುಣ್ಣ ಬಳಿದ ಗೋಡೆಗೆ ನೇರವಾಗಿ ಅಂಟಿಸಿದರೆ ಸುಣ್ಣದ ಪುಡಿಯೊಡನೆ ಕಾಗದವೂ ಕಳಚಿಬೀಳುತ್ತದೆ. ಆದ್ದರಿಂದ ಮೊದಲು ದಪ್ಪ ಹಾಳೆಯ ಮೇಲೆ ಎಲ್ಲವನ್ನೂ ಜೋಡಿಸಿ, ಆ ಹಾಳೆಯನ್ನು ದಾರದಿಂದ ತೂಗುಹಾಕುವುದು ಮೇಲು. ದೀಪದ ಗೂಡಿನಿಂದ ದೂರವಿರಲಿ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟು ಶ್ರಮವೇಕೆ, ಪೇಟೆಯಲ್ಲಿ ಹತ್ತಾರು ರೂಪಾಯಿಗೆ ಹೊಳೆಯುವ ತೋರಣ ಸಿಗುತ್ತದಲ್ಲ ಎಂಬ ಮಾತಿಗೆ ಉತ್ತರ ಹೇಳುವುದು ಅಗತ್ಯ. ಆ ಹೊಳಪು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನದು. ಜಾತ್ರೆ ಮುಗಿದ ಮರುದಿನ ಆ ಪರಪರಿ ಗಾಳಿಗೆ ಹಾರಿ ಬದುವಿನ ಜಾಲಿಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಹೊಲದ ಮಣ್ಣಿನೊಳಗೆ ಸೇರುತ್ತದೆ, ದನದ ಹೊಟ್ಟೆಗೂ ಇಳಿಯುತ್ತದೆ. 2016ರಲ್ಲಿ ಕರ್ನಾಟಕ ಸರ್ಕಾರವೂ, 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೂ ಪ್ಲಾಸ್ಟಿಕ್ ಬಾವುಟ, ಅಲಂಕಾರದ ಥರ್ಮೊಕೋಲ್ ಮುಂತಾದವನ್ನು ನಿಷೇಧಿಸಿದವು. ಕಾನೂನು ತನ್ನ ಕೆಲಸ ಮಾಡಲಿ. ನಾನು ಹೇಳುವುದು ಕಾನೂನಿಗಿಂತ ಹಿಂದಿನ ಮಾತು. ಚರಗದ ಅನ್ನವನ್ನು ನೆಲ ಉಣ್ಣುತ್ತದೆ. ಹಕ್ಕಿ ತಿಂದು, ಇರುವೆ ಹೊತ್ತು, ಉಳಿದದ್ದು ಮಣ್ಣಾಗುತ್ತದೆ. ಕೊಟ್ಟದ್ದನ್ನು ಸ್ವೀಕರಿಸುವ ಶಕ್ತಿ ಪಡೆಯುವವರಿಗಿದ್ದರೆ ಮಾತ್ರ ಅದು ಕಾಣಿಕೆ. ನೆಲಕ್ಕೆ ಜೀರ್ಣವಾಗದ ವಸ್ತುವಿನಿಂದ ನೆಲದ ಉಪಕಾರವನ್ನು ಸ್ಮರಿಸುವುದು ಅತಿಥಿಗೆ ಕಲ್ಲು ಬಡಿಸಿದಂತೆ. ನಾರು, ಅರಿಸಿನ, ಹುಣಿಸೆಯ ಅಂಟುಗಳ ಈ ಅಲಂಕಾರವನ್ನು ಎಳ್ಳ ಅಮಾವಾಸ್ಯೆಯವರೆಗೆ ಗೋಡೆಯ ಮೇಲಿಟ್ಟು, ಆಮೇಲೆ ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ. ತಿಪ್ಪೆಯಿಲ್ಲದವರು ಹೂವಿನ ಕುಂಡಕ್ಕೆ ಹಾಕಬಹುದು. ಅದೂ ಒಂದು ಚರಗವೇ.

ಬೆಳೆಯೇ ಬಾರದ ವರ್ಷ ಏನು ಮಾಡಬೇಕು? ಈ ಪ್ರಶ್ನೆ ನಮ್ಮ ಸೀಮೆಗೆ ಬರಿಯ ತರ್ಕವಲ್ಲ. 1972ರ ಬರವನ್ನು ಹಿರಿಯರು ಇಂದಿಗೂ ಮರೆತಿಲ್ಲ. 2023ರಲ್ಲಿ ನಾಡಿನ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆ ವರ್ಷದ ಶೀಗಿ ಹುಣ್ಣಿಮೆ ಅಕ್ಟೋಬರ್ 28ರಂದು ಬಂದಿತ್ತು. ಬಾಡಿದ ಪೈರಿನ ನಡುವೆಯೂ ಐದು ಕಲ್ಲುಗಳಿಗೆ ಪೂಜೆ ಸಂದಿತು, ಬುತ್ತಿ ಚಿಕ್ಕದಾಗಿದ್ದರೂ ಚರಗ ತಪ್ಪಲಿಲ್ಲ. ಬಸುರು ನಿಲ್ಲದ ವರ್ಷ ತಾಯಿಯನ್ನು ಹಳಿಯುವ ಮಕ್ಕಳುಂಟೆ? ಫಲವನ್ನು ಅಳೆದು ಕೊಡುವ ಕೃತಜ್ಞತೆಯಾಗಿದ್ದರೆ ಅದು ಆ ವರ್ಷವೇ ಸತ್ತುಹೋಗಬೇಕಿತ್ತು. ಕಾಗದದ ತೆನೆಯ ಅರ್ಥ ಇಂಥ ವರ್ಷದಲ್ಲಿಯೇ ಹೆಚ್ಚು ಸ್ಪಷ್ಟವಾಗುತ್ತದೆ. ಹೊಲದಲ್ಲಿ ಇಲ್ಲದ ತೆನೆಯನ್ನು ಕೈ ನೆನಪಿನಿಂದ ಮಾಡುತ್ತದೆ. ಮುಂದಿನ ಮಳೆಗೆ ಅದು ಬರಲಿ ಎಂದು ಗೋಡೆಯ ಮೇಲೆ ಇಟ್ಟು ಕಾಯುತ್ತದೆ.

ಒಂದು ರದ್ದಿ ಪುಸ್ತಕ, ಒಂದು ಕತ್ತರಿ, ಒಂದು ಹಿಡಿ ಹುಣಿಸೆಬೀಜ, ಎರಡು ಬಿಡುವಿನ ಸಂಜೆ. ಇಷ್ಟನ್ನು ಹೊಂದಿಸಿಕೊಳ್ಳಲಾಗದ ಮನೆ ಇಲ್ಲ. ಬರುವ ಶೀಗಿ ಹುಣ್ಣಿಮೆಗೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಪ್ರಯತ್ನಿಸಿ ನೋಡಿ. ತೆನೆ ಸೊಟ್ಟಗಾದರೆ ಚಿಂತೆಯಿಲ್ಲ. ಹೊಲದ ತೆನೆಗಳೂ ಎಲ್ಲ ಒಂದೇ ಸಮ ಇರುವುದಿಲ್ಲ.